ಹಲ್ಲೇ ಇಲ್ಲದ ಪರೀಕ್ಷೆ ಬರೆದು ಡೆಂಟಲ್ ಸೀಟು ತಗೊಂಡೆ

ಕಾಲೇಜಿನ ಕೌಂಟರಿನಲ್ಲಿ ಒರಿಜಿನಲ್ ದಾಖಲೆಗಳನ್ನೆಲ್ಲ ಕೊಟ್ಟು, ರಸೀದಿ ತಗೊಂಡು ಹೊರಗೆ ಬಂದೆವು. ಅಪ್ಪ ಮೆಟ್ಟಿಲ ಮೇಲೆ ಕೂತು ಕೇಳಿದ್ದು ಒಂದೇ ಮಾತು. "ಇನ್ನು ಯಾವ ಆಫೀಸಿಗೂ ಹೋಗೋದಿಲ್ಲ ತಾನೇ?" ಸೀಟು ಸಿಕ್ಕ ಖುಷಿಗಿಂತ ಅಲೆದಾಟ ಮುಗಿದ ಖುಷಿಯೇ ಅವರಿಗೆ ಜಾಸ್ತಿ ಇತ್ತು. ಸುಳ್ಳು ಯಾಕೆ, ನನಗೂ ಅಷ್ಟೇ. ಎರಡು ವರ್ಷ, ಎರಡು ನೀಟ್ ಪ್ರವೇಶ ಪರೀಕ್ಷೆ, ಒಂದು ಪ್ಲಾಸ್ಟಿಕ್ ಫೈಲು ತುಂಬ ಕಾಗದ. ಇದನ್ನೆಲ್ಲ ಮೊದಲೇ ಹೇಳೋರು ನನಗೆ ಯಾರೂ ಇರಲಿಲ್ಲ. ನಮ್ಮ ಹಾಗೆ ಹಳ್ಳಿ ಶಾಲೆಯಲ್ಲಿ ಓದಿ ಬಿಡಿಎಸ್, ಅಂದರೆ ಹಲ್ಲಿನ ಡಾಕ್ಟರ ಕೋರ್ಸು, ಮಾಡಬೇಕು ಅಂತಿರುವವರಿಗೆ ಉಪಯೋಗ ಆಗಲಿ ಅಂತ, ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ಮೊದಲಿಗೇ ಹೇಳಿಬಿಡುತ್ತೇನೆ, ನಾನು ಎಂಬಿಬಿಎಸ್ ಸಿಗಲಿಲ್ಲ ಅಂತ ಡೆಂಟಲ್‌ಗೆ ಬಂದವಳಲ್ಲ. ಇದನ್ನು ಯಾರೂ ನಂಬೋದಿಲ್ಲ. ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ಹಾಲಿನ ಡೈರಿ ಮುಂದೆ, ಎಲ್ಲ ಕಡೆ ಅದೇ ಪ್ರಶ್ನೆ: "ಅಯ್ಯೋ, ಎಂಬಿಬಿಎಸ್ ಆಗಲಿಲ್ವಾ?" ನಮ್ಮ ತಾತ ಇಡೀ ಜೀವನ ಎಲೆ ಅಡಿಕೆ ಜತೆ ಹೊಗೆಸೊಪ್ಪು ಹಾಕಿದವರು. ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ, ಅಲ್ಲಾಡುತ್ತಿದ್ದ ಒಂದು ದವಡೆ ಹಲ್ಲು ಕೀಳಿಸೋಣ ಅಂತ ಅವರನ್ನು ದಾವಣಗೆರೆಗೆ ಕರೆದುಕೊಂಡು ಹೋಗಿದ್ದೆವು. ಅಲ್ಲಿನ ಡಾಕ್ಟರಮ್ಮ ಹಲ್ಲು ಮುಟ್ಟುವ ಮೊದಲು ಕೆನ್ನೆಯ ಒಳಗಡೆ ಬೆಳಕು ಬಿಟ್ಟು ನೋಡಿದರು. ಅಲ್ಲೊಂದು ಬಿಳಿ ಮಚ್ಚೆ ಇತ್ತು. ಚೂರು ಮಾಂಸ ತೆಗೆದು ಪರೀಕ್ಷೆಗೆ ಕಳಿಸಿದರು. ಕ್ಯಾನ್ಸರ್ ಅಲ್ಲ, ಆದರೆ ಹೀಗೇ ಬಿಟ್ಟಿದ್ದರೆ ಆ ಕಡೆಗೆ ಹೋಗಬಹುದಿತ್ತು ಅಂದರು. ತಾತ ಹೊಗೆಸೊಪ್ಪು ಬಿಟ್ಟರು. ಅಡಿಕೆ ಬಿಡಲಿಲ್ಲ, ಅದು ಮನೆಯಲ್ಲಿ ಇನ್ನೂ ನಡೆಯುತ್ತಿರುವ ಜಗಳ. ನಮ್ಮ ಹೋಬಳಿಯಲ್ಲಿ ಹಲ್ಲಿನ ಡಾಕ್ಟರು ಒಬ್ಬರೂ ಇಲ್ಲ. ಆವತ್ತು ಬಸ್ಸಿನಲ್ಲಿ ವಾಪಸ್ ಬರುವಾಗಲೇ ನಾನು ಏನು ಓದಬೇಕು ಅನ್ನೋದು ಮನಸ್ಸಿನಲ್ಲಿ ನಿಂತುಬಿಟ್ಟಿತ್ತು.

ಡೆಂಟಲ್‌ಗೆ ಬೇರೆ ಪರೀಕ್ಷೆ ಇರುತ್ತೆ ಅಂತಲೇ ಪಿಯುಸಿ ಸೇರುವವರೆಗೆ ನಾನು ಅಂದುಕೊಂಡಿದ್ದೆ. ಇಲ್ಲ. ಎಂಬಿಬಿಎಸ್‌ಗೂ ಬಿಡಿಎಸ್‌ಗೂ ಒಂದೇ ನೀಟ್. ಒಟ್ಟು 720 ಅಂಕ. ಅದರಲ್ಲಿ ಬಯಾಲಜಿಗೆ 360, ಫಿಸಿಕ್ಸ್ 180, ಕೆಮಿಸ್ಟ್ರಿ 180. ಸರಿ ಉತ್ತರಕ್ಕೆ 4, ತಪ್ಪಿಗೆ ಒಂದು ಕಟ್. ತಮಾಷೆ ಏನು ಗೊತ್ತಾ? ಸೀನಿಯರ್ ಅಕ್ಕ ಒಬ್ಬರು ಕೊಟ್ಟ ಹಳೆಯ ಎನ್‌ಸಿಇಆರ್‌ಟಿ ಬಯಾಲಜಿ ಪುಸ್ತಕದಲ್ಲಿ ಜೀರ್ಣಕ್ರಿಯೆಯ ಪಾಠ ಇತ್ತು. ಹಲ್ಲಿನ ಬಗ್ಗೆ ನಾಲ್ಕು ಮಾತು ಇದ್ದದ್ದು ಅಲ್ಲೇ. ನಮಗೆ ಎರಡು ಸಲ ಹಲ್ಲು ಬರೋದು, ಬಾಚಿ ಕೋರೆ ದವಡೆ ಅಂತ ಬೇರೆ ಬೇರೆ ಥರ ಇರೋದು, ಯಾವ ಥರದ ಹಲ್ಲು ಎಷ್ಟು ಅಂತ ಹೇಳುವ 2123 ಅನ್ನೋ ಸೂತ್ರ, ಅಷ್ಟೇ. ಆಸೆಯಿಂದ ಬಾಯಿಪಾಠ ಮಾಡಿಕೊಂಡೆ. ಆಮೇಲೆ ನೋಡಿದರೆ ಆ ಪಾಠವನ್ನೇ ಪುಸ್ತಕದಿಂದ ತೆಗೆದುಹಾಕಿದ್ದರು, 2024ರ ನೀಟ್ ಪಠ್ಯಕ್ರಮದಿಂದಲೂ ಹೋಯಿತು. ಹಲ್ಲಿನ ಡಾಕ್ಟರಾಗೋ ಪರೀಕ್ಷೆಯಲ್ಲಿ ಹಲ್ಲೇ ಇಲ್ಲ! ಹಾಗಾಗಿ ನಿಮ್ಮ ಕೈಯಲ್ಲಿರುವುದು ಹಳೆಯ ಪುಸ್ತಕ ಆಗಿದ್ದರೆ, ಓದೋಕೆ ಕೂರುವ ಮೊದಲು ಆ ವರ್ಷದ ಪಠ್ಯಕ್ರಮ ಇಳಿಸಿಕೊಂಡು ಒಂದೊಂದೇ ಪಾಠ ಟಿಕ್ ಮಾಡಿ. ನಾನು ಬಿಟ್ಟುಹೋದ ಪಾಠಗಳಿಗೆ ಮೂರು ವಾರ ಸುಮ್ನೆ ಸುರಿದೆ.

2024ರ ಮೇ 5ಕ್ಕೆ ಮೊದಲ ನೀಟ್. ಪಿಯುಸಿ ಪರೀಕ್ಷೆ, ಸಿಇಟಿ, ಇದು, ಎಲ್ಲ ಒಂದರ ಹಿಂದೆ ಒಂದು. 398 ಬಂತು. ಊರಲ್ಲಿ ಎಲ್ಲರೂ "ಪರವಾಗಿಲ್ಲ, ಅರ್ಧಕ್ಕಿಂತ ಜಾಸ್ತಿ ಬಂದಿದೆಯಲ್ಲ" ಅಂದರು. ಆದರೆ ಆ ವರ್ಷ ಅಂಕಗಳ ಪ್ರವಾಹವೇ ಹರಿದಿತ್ತು. ಮೊದಲು ಬಂದ ಫಲಿತಾಂಶದಲ್ಲಿ 67 ಜನಕ್ಕೆ 720ಕ್ಕೆ 720. ಆಮೇಲೆ ಗಲಾಟೆ, ಕೋರ್ಟು, ಮರುಪರೀಕ್ಷೆ, ಪರಿಷ್ಕೃತ ಫಲಿತಾಂಶ, ಕೊನೆಗೆ ಅದು 17ಕ್ಕೆ ಇಳಿಯಿತು. ಆ ಎರಡು ತಿಂಗಳು ಪರೀಕ್ಷೆ ರದ್ದಾಗುತ್ತಾ ಇಲ್ಲವಾ ಅಂತ ದಿನಾ ಟಿವಿ ನೋಡಿಕೊಂಡು ಕೂತಿದ್ದು ಬಿಟ್ಟರೆ ನಾನು ಬೇರೇನೂ ಮಾಡಲಿಲ್ಲ. ಓದೋಕೂ ಆಗಲಿಲ್ಲ, ಓದದೇ ಇರೋಕೂ ಆಗಲಿಲ್ಲ. ನನ್ನ ರ‍್ಯಾಂಕಿಗೆ ಕಮ್ಮಿ ಶುಲ್ಕದ ಸರ್ಕಾರಿ ಕೋಟಾದಲ್ಲಿ ಬಿಡಿಎಸ್ ಸಿಗಲಿಲ್ಲ. ಖಾಸಗಿ ಕೋಟಾದ ಶುಲ್ಕ ನಮ್ಮ ಮನೆಯಲ್ಲಿ ಮಾತಾಡುವ ಮೊತ್ತವೇ ಅಲ್ಲ.

ಇಲ್ಲೇ ಒಂದು ಮಾತು ಸ್ಪಷ್ಟ ಮಾಡಿಬಿಡಬೇಕು. 'ಕ್ವಾಲಿಫೈ' ಆಗೋದು ಬೇರೆ, ಸೀಟು ಸಿಗೋದು ಬೇರೆ. 2025ರಲ್ಲಿ ಸಾಮಾನ್ಯ ವರ್ಗಕ್ಕೆ 144, ಹಿಂದುಳಿದ ವರ್ಗ ಮತ್ತು ಪರಿಶಿಷ್ಟರಿಗೆ 113 ಬಂದರೆ ಕ್ವಾಲಿಫೈ. ದೇಶದಲ್ಲಿ 12 ಲಕ್ಷಕ್ಕೂ ಜಾಸ್ತಿ ಜನ ಕ್ವಾಲಿಫೈ ಆಗಿದ್ದರು. ಅದು ಬಾಗಿಲ ಹತ್ತಿರ ಸಾಲಿನಲ್ಲಿ ನಿಲ್ಲೋಕೆ ಸಿಗುವ ಅನುಮತಿ, ಅಷ್ಟೇ. ನಮ್ಮ ಪಕ್ಕದ ಊರಿನ ಹುಡುಗ ಕ್ವಾಲಿಫೈ ಆದ ಅಂತ ಅವರ ಮನೆಯವರು ಬ್ಯಾನರ್ ಕಟ್ಟಿಸಿದ್ದರು. ಪಾಪ, ಆಮೇಲೆ ಎರಡು ತಿಂಗಳಾದರೂ ಅದನ್ನು ಬಿಚ್ಚೋಕೆ ಅವರಿಗೆ ಮನಸ್ಸು ಬರಲಿಲ್ಲ.

ಮತ್ತೆ ನೀಟ್ ಬರೆಯೋಕೆ ಒಂದು ವರ್ಷ ಲಾಂಗ್ ಟರ್ಮ್ ಕೋಚಿಂಗ್ ಹೋಗೋದು ಅಂತ ತೀರ್ಮಾನ ಆಯಿತು. ಅಮ್ಮನಿಗೆ ಇಷ್ಟ ಇರಲಿಲ್ಲ. "ಬಿಎಸ್ಸಿ ನರ್ಸಿಂಗ್ ಸೇರಬಹುದಿತ್ತಲ್ಲ" ಅನ್ನೋದು ಅವರ ವಾದ, ಅದೂ ತಪ್ಪಲ್ಲ. ದಾವಣಗೆರೆಯಲ್ಲಿ ಕೋಚಿಂಗ್‌ಗೆ 78,000, ಉಳಿದುಕೊಳ್ಳುವ ಪಿಜಿಗೆ ತಿಂಗಳಿಗೆ 5,500. ಹತ್ತು ತಿಂಗಳಿಗೆ ಪುಸ್ತಕ, ಜೆರಾಕ್ಸ್, ಬಸ್ಸು ಎಲ್ಲ ಸೇರಿ ಒಂದೂವರೆ ಲಕ್ಷ ಮುಟ್ಟಿತು. ಎರಡು ಹಸು ಮಾರಿದ್ದು ನನಗೆ ಗೊತ್ತಾಗಿದ್ದು ದಸರಾಕ್ಕೆ ಊರಿಗೆ ಹೋದಾಗ. ಕೊಟ್ಟಿಗೆ ಖಾಲಿ ಇತ್ತು. ಯಾರೂ ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಕೋಚಿಂಗ್ ಬಗ್ಗೆ ನನ್ನ ಅಭಿಪ್ರಾಯ ಕೇಳಿದರೆ, ಪಾಠಕ್ಕಿಂತ ಅಲ್ಲಿಯ ಟೆಸ್ಟುಗಳು ಉಪಯೋಗಕ್ಕೆ ಬಂದವು. ನಮ್ಮ ಬ್ಯಾಚಿನಲ್ಲಿ ನೂರಕ್ಕೂ ಮೇಲೆ ಜನ. ಮುಂದಿನ ಎರಡು ಬೆಂಚಿಗೆ ಪಾಠ, ಹಿಂದಿನವರಿಗೆ ಮೈಕಿನ ಸದ್ದು. ಡೆಂಟಲ್ ಬೇಕು ಅಂತ ಕೈ ಎತ್ತಿದವಳು ನಾನೊಬ್ಬಳೇ. ಮೇಷ್ಟ್ರು ನಕ್ಕು, "ಎಂಬಿಬಿಎಸ್‌ಗೆ ಗುರಿ ಇಡಮ್ಮ, ಜಾರಿದರೆ ಡೆಂಟಲ್‌ಗೆ ಬೀಳ್ತೀಯ" ಅಂದರು. ಕ್ಲಾಸೆಲ್ಲ ನಕ್ಕಿತು. ಬೀಳೋದು ಅನ್ನೋ ಮಾತು ಮಾತ್ರ ನನಗೆ ಬಹಳ ದಿನ ಚುಚ್ಚಿತು.

ಓದಿನ ವಿಷಯದಲ್ಲಿ ನನಗೆ ಕೈ ಹಿಡಿದದ್ದು ಮೂರೇ. ಒಂದು, ಬಯಾಲಜಿಗೆ ಎನ್‌ಸಿಇಆರ್‌ಟಿ ಪುಸ್ತಕವನ್ನು ಸಾಲು ಸಾಲಾಗಿ, ಚಿತ್ರದ ಕೆಳಗಿನ ಬರಹದ ಸಮೇತ ಓದಿದ್ದು. ಏಳು ಸಲ ಓದಿದೆ. ನಾಲ್ಕನೇ ಸಲದವರೆಗೆ ಓದಿದ್ದೇನೆ ಅಂತ ಅನ್ನಿಸುತ್ತೆ, ಐದನೇ ಸಲಕ್ಕೆ ಓದಿರಲೇ ಇಲ್ಲ ಅಂತ ಗೊತ್ತಾಗುತ್ತೆ. ಇನ್ನೊಂದು ತಪ್ಪುಗಳ ನೋಟ್‌ಬುಕ್. ಪ್ರತಿ ಟೆಸ್ಟ್ ಆದ ಮೇಲೆ ತಪ್ಪಾದ ಪ್ರಶ್ನೆ ಬರೆದು, ಪಕ್ಕದಲ್ಲಿ ಯಾಕೆ ತಪ್ಪಾಯಿತು ಅಂತ ಬರೆಯುತ್ತಿದ್ದೆ. 'ಗೊತ್ತಿರಲಿಲ್ಲ' ಅನ್ನೋದಕ್ಕಿಂತ 'ಅಲ್ಲ ಅನ್ನೋ ಪದ ಓದಲಿಲ್ಲ' ಅನ್ನೋದೇ ಜಾಸ್ತಿ ಇತ್ತು! ಇನ್ನು ಮೂರನೆಯದು ಕೇಳಿ ನಗಬೇಡಿ, ಮಧ್ಯಾಹ್ನದ ನಿದ್ದೆ ಬಿಟ್ಟಿದ್ದು. ನೀಟ್ ಮಧ್ಯಾಹ್ನ 2ಕ್ಕೆ ಶುರು. ಮುದ್ದೆ ಸಾರು ಉಂಡು ಎರಡು ಗಂಟೆಗೆ ಕಣ್ಣು ಎಳೆಯುವ ಅಭ್ಯಾಸ ಇದ್ದವಳು ನಾನು. ಫೆಬ್ರವರಿಯಿಂದ ಮಧ್ಯಾಹ್ನ ಹಗುರವಾಗಿ ಉಂಡು, ಎರಡರಿಂದ ಐದು ದಿನಾ ಪ್ರಶ್ನೆಪತ್ರಿಕೆ ಬಿಡಿಸಿದೆ. ಮೊದಲ ಎರಡು ವಾರ ಉತ್ತರ ತುಂಬುವ ಓಎಂಆರ್ ಹಾಳೆ ಮೇಲೆಯೇ ತೂಕಡಿಸಿದ್ದೇನೆ.

ಫಿಸಿಕ್ಸ್ ಬಗ್ಗೆ ಹೇಳಿಕೊಳ್ಳುವಂಥದ್ದು ಏನೂ ಇಲ್ಲ. ಅದು ನನಗೆ ಕೊನೆಯವರೆಗೂ ಒಲಿಯಲಿಲ್ಲ.

ಜನವರಿಯಲ್ಲಿ ಒಂದು ಸಿಡಿಲು ಬಡಿಯಿತು. ಅಲ್ಲಿಯವರೆಗೆ ನಾವು ಅಭ್ಯಾಸ ಮಾಡಿದ್ದು 200 ಪ್ರಶ್ನೆಯಲ್ಲಿ 180 ಬರೆಯುವ, 3 ಗಂಟೆ 20 ನಿಮಿಷದ ಪತ್ರಿಕೆ. ಆಯ್ಕೆ ಪ್ರಶ್ನೆ ಕೊರೋನಾ ಕಾಲದಲ್ಲಿ, 2021ರಲ್ಲಿ ಬಂದದ್ದು, ಮೇಲಿನ 20 ನಿಮಿಷ 2022ರಲ್ಲಿ. 2025ಕ್ಕೆ ಆಯ್ಕೆ ಪ್ರಶ್ನೆಗಳೇ ಇಲ್ಲ, 180 ಪ್ರಶ್ನೆ, 180 ನಿಮಿಷ ಅಂತ ನೀಟ್ ನಡೆಸುವ ಎನ್‌ಟಿಎ ಪ್ರಕಟಿಸಿತು. ಪರೀಕ್ಷೆಗೆ ಇನ್ನು ಮೂರು ತಿಂಗಳು ಚಿಲ್ಲರೆ! ಪ್ರತಿ ವಿಭಾಗದಲ್ಲೂ ಗೊತ್ತಿಲ್ಲದ ಐದು ಪ್ರಶ್ನೆ ಬಿಟ್ಟು ಗೊತ್ತಿರೋದನ್ನು ಆರಿಸಿಕೊಳ್ಳುವ ಸೌಕರ್ಯ ಹೋಯಿತು, ಮೇಲಿನ ಇಪ್ಪತ್ತು ನಿಮಿಷವೂ ಹೋಯಿತು. ನಾನು ಹೊಸ ಲೆಕ್ಕ ಹಾಕಿಕೊಂಡೆ. ಬಯಾಲಜಿಗೆ 50 ನಿಮಿಷ, ಕೆಮಿಸ್ಟ್ರಿಗೆ 55, ಫಿಸಿಕ್ಸ್‌ಗೆ 60, ಉಳಿದದ್ದು ಓಎಂಆರ್ ತುಂಬೋಕೆ. ಯಾವ ವರ್ಷ ಬರೆಯುತ್ತೀರೋ ಆ ವರ್ಷದ ಮಾಹಿತಿ ಪುಸ್ತಿಕೆಯನ್ನು ನೀವೇ ಪೂರ್ತಿ ಓದಿ. ಕೋಚಿಂಗ್‌ನವರು ಹೇಳ್ತಾರೆ ಅಂತ ಕೂರಬೇಡಿ.

2025ರ ಫೆಬ್ರವರಿ 7ಕ್ಕೆ ನೀಟ್ ಅರ್ಜಿ ಶುರುವಾಯಿತು, ಮಾರ್ಚ್ 7 ಕೊನೆ. ಸಾಮಾನ್ಯ ವರ್ಗಕ್ಕೆ 1,700, ಒಬಿಸಿಗೆ 1,600, ಪರಿಶಿಷ್ಟರಿಗೆ 1,000 ರೂಪಾಯಿ ಇತ್ತು. ಮೊದಲ ವರ್ಷ ಸೈಬರ್ ಸೆಂಟರಿನ ಅಣ್ಣ ತುಂಬಿಕೊಟ್ಟಿದ್ದ, ಅವನ ಮೊಬೈಲ್ ನಂಬರ್ ಹಾಕಿಬಿಟ್ಟಿದ್ದ, ಒಟಿಪಿ ಬೇಕಾದಾಗಲೆಲ್ಲ ಅವನ ಅಂಗಡಿಗೆ ಓಡಬೇಕಾಗಿತ್ತು. ಎರಡನೇ ಸಲ ನಾನೇ ತುಂಬಿದೆ. ಫೋಟೊಗೆ ಬಿಳಿ ಹಿನ್ನೆಲೆ ಇರಬೇಕು, ಕಿವಿ ಕಾಣಬೇಕು, ಎರಡೂ ಕೈಯ ಬೆರಳಚ್ಚು ಸ್ಕ್ಯಾನ್ ಮಾಡಿ ಹಾಕಬೇಕು. ಬೆರಳಚ್ಚಿಗೆ ಇಂಕ್ ಪ್ಯಾಡ್ ಹುಡುಕಿದ್ದು ಗ್ರಾಮ ಪಂಚಾಯಿತಿಯಲ್ಲಿ.

ಭಾಷೆ ಯಾವುದು ಅಂತ ಅರ್ಜಿಯಲ್ಲೇ ಹೇಳಬೇಕು. ಕನ್ನಡ ಆರಿಸಿದರೆ ಕನ್ನಡ ಮತ್ತು ಇಂಗ್ಲಿಷ್ ಎರಡೂ ಇರುವ ಪತ್ರಿಕೆ ಕೊಡುತ್ತಾರೆ. ಅನುವಾದದಲ್ಲಿ ಗೊಂದಲ ಇದ್ದರೆ ಇಂಗ್ಲಿಷಿನದೇ ಅಂತಿಮ. ಹತ್ತರವರೆಗೆ ಕನ್ನಡದಲ್ಲಿ ಓದಿದವಳು ನಾನು, ಆಸೆ ಇತ್ತು. ಆದರೆ ಪಿಯುಸಿಯ ಎರಡು ವರ್ಷ ಎಲ್ಲ ಪದ ಇಂಗ್ಲಿಷಿನಲ್ಲೇ ಕಲಿತಿದ್ದರಿಂದ ಇಂಗ್ಲಿಷನ್ನೇ ಹಾಕಿದೆ. ಪಿಯುಸಿಯ ಮೊದಲ ಆರು ತಿಂಗಳು ಆ ಪದಗಳ ಜತೆ ಗುದ್ದಾಡಿದ್ದು ಬೇರೆ ಕಥೆ.

ಈಗ ಕಾಗದದ ವಿಷಯಕ್ಕೆ ಬರುತ್ತೇನೆ. ನನ್ನ ನಿಜವಾದ ಹೋರಾಟ ಇದು. ಓದಿಗಾದರೆ ಕೋಚಿಂಗ್ ಇದೆ, ಇದಕ್ಕೆ ಇಲ್ಲ.

ನಮ್ಮದು ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿ 2ಎ. ಜತೆಗೆ ಒಂದರಿಂದ ಹತ್ತು ಹಳ್ಳಿಯಲ್ಲೇ ಓದಿದ್ದರಿಂದ ಗ್ರಾಮೀಣ, ಕನ್ನಡದಲ್ಲೇ ಓದಿದ್ದರಿಂದ ಕನ್ನಡ ಮಾಧ್ಯಮ. ಗ್ರಾಮೀಣಕ್ಕೆ ನೂರಕ್ಕೆ 15, ಕನ್ನಡ ಮಾಧ್ಯಮಕ್ಕೆ 5 ಸೀಟು ಮೀಸಲು. ಸೀಟು ಹಂಚಿಕೆಯ ಪಟ್ಟಿಯಲ್ಲಿ 2ಎಜಿ, 2ಎಆರ್, 2ಎಕೆ ಅಂತೆಲ್ಲ ಬರುತ್ತಲ್ಲ, ಆರ್ ಅಂದರೆ ಗ್ರಾಮೀಣ, ಕೆ ಅಂದರೆ ಕನ್ನಡ ಮಾಧ್ಯಮ. ಮೊದಲ ವರ್ಷ ಇದು ಗೊತ್ತಿಲ್ಲದೆ ಕನ್ನಡ ಮಾಧ್ಯಮದ ಪ್ರಮಾಣಪತ್ರವನ್ನೇ ಮಾಡಿಸಿರಲಿಲ್ಲ. ಕೇಳಿದರೆ ಯಾರೂ ಕೊಡಲ್ಲ ಅಂತಿರಲಿಲ್ಲ, ಕೇಳಬೇಕು ಅಂತ ಗೊತ್ತಿರಲಿಲ್ಲ.

ನೀಟ್ ಅರ್ಜಿಯಲ್ಲಿ ಕೇಳುವ ಒಬಿಸಿ ಕೇಂದ್ರದ ಪಟ್ಟಿ. ರಾಜ್ಯದ ಸೀಟು ಹಂಚುವ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಕೇಳುವ ಪ್ರವರ್ಗ 1, 2ಎ, 2ಬಿ, 3ಎ, 3ಬಿ ರಾಜ್ಯದ ಪಟ್ಟಿ. ಎರಡೂ ಒಂದೇ ಅಲ್ಲ, ಪ್ರಮಾಣಪತ್ರದ ನಮೂನೆಯೂ ಬೇರೆ. ನಿಮ್ಮ ಜಾತಿ ಎರಡರಲ್ಲೂ ಇದೆಯಾ ಅಂತ ಮೊದಲು ನೋಡಿಕೊಳ್ಳಿ. ಇದ್ದರೆ ನಾಡಕಚೇರಿಯಲ್ಲಿ ಎರಡಕ್ಕೂ ಬೇರೆ ಬೇರೆ ಅರ್ಜಿ ಹಾಕಿ. ರಾಜ್ಯದ ಜಾತಿ ಆದಾಯ ಪತ್ರದ ಮೇಲೆ ಆರ್‌ಡಿಯಿಂದ ಶುರುವಾಗುವ ಉದ್ದದ ಸಂಖ್ಯೆ ಇರುತ್ತೆ. ಕೆಇಎ ಅರ್ಜಿಯಲ್ಲಿ ಅದನ್ನು ಹಾಕಿದರೆ ವಿವರ ತಾನೇ ಬರುತ್ತೆ.

ನನ್ನದು ಅಲ್ಲೇ ಸಿಕ್ಕಿಹಾಕಿಕೊಂಡಿತು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಹೆಸರಿನ ಹಿಂದೆ, ಆಧಾರ್‌ನಲ್ಲಿ ಮುಂದೆ, ಜಾತಿ ಪತ್ರದಲ್ಲಿ ಇನಿಷಿಯಲ್ಲೇ ಇಲ್ಲ, ಮೇಲಾಗಿ ಹೆಸರಿನ ಕೊನೆಯಲ್ಲಿ ಒಂದು ಅಕ್ಷರ ಜಾಸ್ತಿ. ಇಷ್ಟು ವರ್ಷ ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಕಂಪ್ಯೂಟರ್ ಕೆಡಿಸಿಕೊಂಡಿತು. ಜಾತಿ ಪತ್ರವನ್ನು ಹೊಸದಾಗಿ ಮಾಡಿಸಬೇಕು ಅಂದರು. ಅರ್ಜಿ ಹಾಕಿದೆವು. ಗ್ರಾಮ ಲೆಕ್ಕಿಗರು ಬರಲಿಲ್ಲ, ಬಂದಾಗ ಅಪ್ಪ ಹೊಲದಲ್ಲಿದ್ದರು, ಆಮೇಲೆ ಸರ್ವರ್ ಇರಲಿಲ್ಲ, ಸರ್ವರ್ ಬಂದಾಗ ಸಾಹೇಬರು ಚುನಾವಣೆ ಪಟ್ಟಿ ಕೆಲಸಕ್ಕೆ ಹೋಗಿದ್ದರು. ಒಂದು ಪತ್ರಕ್ಕೆ 26 ದಿನ. ಅದೇನು ಲಂಚದ ಕಥೆ ಅಲ್ಲ, ಯಾರೂ ಒಂದು ರೂಪಾಯಿ ಕೇಳಲಿಲ್ಲ. ಸುಮ್ನೆ ತಡ, ಅಷ್ಟೇ. ನೀವು ಮಾತ್ರ ಹತ್ತನೇ ಕ್ಲಾಸಿನ ಅಂಕಪಟ್ಟಿಯನ್ನು ಎದುರಿಗೆ ಇಟ್ಟುಕೊಂಡು, ಉಳಿದ ಎಲ್ಲ ಕಾಗದದ ಹೆಸರನ್ನೂ ಅಕ್ಷರ ಅಕ್ಷರ ಹೋಲಿಸಿ ನೋಡಿ. ಇದನ್ನು ದ್ವಿತೀಯ ಪಿಯುಸಿಯ ದಸರಾ ರಜೆಯಲ್ಲೇ ಮಾಡಿ ಮುಗಿಸಿ.

ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಪತ್ರಗಳಿಗೆ ಮುಖ್ಯೋಪಾಧ್ಯಾಯರ ಸಹಿ, ಅದರ ಮೇಲೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿ ಮತ್ತು ಮೊಹರು ಬೇಕು. ಕರ್ನಾಟಕದಲ್ಲಿ ಏಳು ವರ್ಷ ಓದಿದ್ದಕ್ಕೆ ಕೊಡುವ ವ್ಯಾಸಂಗ ಪತ್ರಕ್ಕೂ ಅಷ್ಟೇ. ನಾನು ಏಳರವರೆಗೆ ನಮ್ಮೂರ ಶಾಲೆಯಲ್ಲಿ, ಎಂಟರಿಂದ ಹತ್ತು ಪಕ್ಕದ ಊರಿನ ಪ್ರೌಢಶಾಲೆಯಲ್ಲಿ ಓದಿದ್ದು. ಹಾಗಾಗಿ ಎರಡೂ ಕಡೆಯಿಂದ ಬೇರೆ ಬೇರೆ ಪತ್ರ. ನಮ್ಮೂರ ಶಾಲೆಯ ಹೆಡ್‌ಮೇಷ್ಟ್ರು ಹಳೆ ದಾಖಲಾತಿ ಪುಸ್ತಕ ತೆಗೆದು ನನ್ನ ಒಂದನೇ ಕ್ಲಾಸಿನ ಸಾಲು ತೋರಿಸಿದರು. ಅಲ್ಲಿ ತಾತನ ಹೆಬ್ಬೆಟ್ಟು ಇತ್ತು. ಶಾಲೆಗೆ ಸೇರಿಸಿದ್ದು ಅವರೇ ಅಂತ ನನಗೆ ಆವತ್ತೇ ಗೊತ್ತಾಗಿದ್ದು. ಬಿಇಒ ಕಚೇರಿಗೆ ಮೂರು ಸಲ ಹೋದೆವು. ಒಂದು ಸಲ ಮೀಟಿಂಗ್, ಒಂದು ಸಲ ಮೊಹರು ಬೀರುವಿನಲ್ಲಿ, ಬೀಗದ ಕೈ ರಜೆಯಲ್ಲಿ. ಮೂರನೇ ಸಲ ಐದೇ ನಿಮಿಷಕ್ಕೆ ಕೆಲಸ ಆಯಿತು. ಪ್ರತಿ ಪತ್ರವನ್ನೂ ಎರಡೆರಡು ಪ್ರತಿ ಸಹಿ ಮಾಡಿಸಿಕೊಳ್ಳಿ, ಅಲ್ಲಿವರೆಗೆ ಹೋದ ಮೇಲೆ ಇನ್ನೊಂದು ಸಹಿಗೆ ಅವರು ಬೇಡ ಅನ್ನೋದಿಲ್ಲ.

ಪರೀಕ್ಷೆ ಮೇ 4, ಭಾನುವಾರ. ಪ್ರವೇಶಪತ್ರ ನಾಲ್ಕು ದಿನ ಮೊದಲು ಬಂತು. ಅದರ ಜತೆ ಒಂದು ಹಾಳೆಗೆ ಪೋಸ್ಟ್‌ಕಾರ್ಡ್ ಅಳತೆಯ ಫೋಟೊ ಅಂಟಿಸಬೇಕು, ನಾಲ್ಕು ಇಂಚು ಆರು ಇಂಚು. ಸ್ಟುಡಿಯೋದವನು "ಇಷ್ಟು ದೊಡ್ಡದು ಪರೀಕ್ಷೆಗಾ, ಗಂಡಿನ ಕಡೆಯವರಿಗಾ?" ಅಂದ. ಪಾಸ್‌ಪೋರ್ಟ್ ಫೋಟೊ ತೆಗೆಸುವಾಗಲೇ ಇದನ್ನೂ ತೆಗೆಸಿಕೊಳ್ಳಿ. ಕೊನೆ ದಿನ ಓಡಾಡುವ ಕೆಲಸ ಒಂದು ಕಮ್ಮಿ.

ಬಾಗಿಲು ಮಧ್ಯಾಹ್ನ 1.30ಕ್ಕೆ ಮುಚ್ಚುತ್ತಾರೆ. ಹನ್ನೊಂದೂವರೆಗೇ ಹೋಗಿ ನಿಂತೆವು. ಅರ್ಧ ತೋಳಿನ ಚೂಡಿದಾರ, ಚಪ್ಪಲಿ, ಪಾರದರ್ಶಕ ನೀರಿನ ಬಾಟಲಿ. ಶೂ ಹಾಕಂಗಿಲ್ಲ, ಒಡವೆ ಹಾಕಂಗಿಲ್ಲ. ಇದೆಲ್ಲ ಗೊತ್ತಿತ್ತು, ಕಿವಿಯ ಓಲೆ ಹಿಂದಿನ ದಿನವೇ ತೆಗೆದಿದ್ದೆ. ಮೂಗಿನ ಬೊಟ್ಟು ಮರೆತಿದ್ದೆ! ಅದು ಹಾಕಿದ ಮೇಲೆ ಆರು ವರ್ಷದಿಂದ ಬಿಚ್ಚಿದ್ದೇ ಇಲ್ಲ. ತಪಾಸಣೆ ಮಾಡುತ್ತಿದ್ದ ಅಕ್ಕ "ತೆಗೆದು ಬಾ" ಅಂದರು. ಅಮ್ಮ ಪಕ್ಕದ ಮನೆಗೆ ಹೋಗಿ ಕೊಬ್ಬರಿ ಎಣ್ಣೆ ಇಸಕೊಂಡು ಬಂದು, ರಸ್ತೆ ಬದಿಯಲ್ಲೇ ಹೊಂಗೆ ಮರದ ಕೆಳಗೆ ಕೂರಿಸಿಕೊಂಡು ತೆಗೆದರು. ಹತ್ತು ನಿಮಿಷ ಹಿಡಿಯಿತು, ಕಣ್ಣಲ್ಲಿ ನೀರು. ಮೂಗು ಉರಿಯುತ್ತಲೇ ಒಳಗೆ ಹೋದೆ. ನನ್ನ ಕೊಠಡಿಯ ಫ್ಯಾನ್ ತಿರುಗುತ್ತಿತ್ತು ಅಷ್ಟೇ, ಗಾಳಿ ಬರುತ್ತಿರಲಿಲ್ಲ. ಪೆನ್ನು ಅವರೇ ಕೊಡುತ್ತಾರೆ.

ಬಯಾಲಜಿ ಲೆಕ್ಕ ಹಾಕಿದ ಹಾಗೇ ಮುಗಿಯಿತು. ಕೆಮಿಸ್ಟ್ರಿ ಸ್ವಲ್ಪ ಎಳೆಯಿತು. ಫಿಸಿಕ್ಸ್ ತೆರೆದಾಗ ಎದೆ ಧಸಕ್ಕೆಂದಿತು. ಮೊದಲ ಪುಟದಲ್ಲಿ ಒಂದೂ ಬರಲಿಲ್ಲ, ಎರಡನೇ ಪುಟದಲ್ಲಿ ಒಂದು. ಸುತ್ತ ನೋಡಿದರೆ ಎಲ್ಲರ ಮುಖವೂ ಹಾಗೇ ಇತ್ತು. ನನ್ನ ಎದುರಿಗಿದ್ದ ಹುಡುಗಿ ಸದ್ದಿಲ್ಲದೆ ಅಳುತ್ತಿದ್ದಳು. ನಾನು 20 ಪ್ರಶ್ನೆ ಹಾಗೇ ಬಿಟ್ಟೆ. ಬಿಡೋದು ಬರೆಯೋದಕ್ಕಿಂತ ಕಷ್ಟ, ಕೈ ತುರಿಸುತ್ತೆ. ಹೊರಗೆ ಬಂದು ಅಪ್ಪನ ಹತ್ತಿರ "ಆಗಲಿಲ್ಲಪ್ಪ" ಅಂದೆ. ಅವರು ಕಬ್ಬಿನ ಹಾಲು ಕೊಡಿಸಿದರು. ಬಸ್ಸಿನಲ್ಲಿ ಯಾರೂ ಮಾತಾಡಲಿಲ್ಲ.

ಜೂನ್ 14ಕ್ಕೆ ಫಲಿತಾಂಶ. 366. ಬಯಾಲಜಿ 249, ಕೆಮಿಸ್ಟ್ರಿ 82, ಫಿಸಿಕ್ಸ್ 35. ಹೋದ ವರ್ಷಕ್ಕಿಂತ 32 ಕಮ್ಮಿ! ಒಂದೂವರೆ ಲಕ್ಷ ಖರ್ಚು ಮಾಡಿ 32 ಅಂಕ ಕಳಕೊಂಡೆ ಅಂತ ಬಚ್ಚಲು ಮನೆಗೆ ಹೋಗಿ ಅತ್ತೆ. ಅರ್ಧ ಗಂಟೆ ಆದ ಮೇಲೆ ಪಿಜಿಯ ಗೆಳತಿ ಫೋನ್ ಮಾಡಿ "ರ‍್ಯಾಂಕ್ ನೋಡಿದೆಯಾ?" ಅಂದಳು. ನೋಡಿರಲೇ ಇಲ್ಲ. ರ‍್ಯಾಂಕ್ ಲಕ್ಷಕ್ಕೂ ಜಾಸ್ತಿ ಮುಂದೆ ಬಂದಿತ್ತು. ಪತ್ರಿಕೆ ಎಲ್ಲರಿಗೂ ಕಷ್ಟವಾಗಿತ್ತು, ದೇಶಕ್ಕೇ ಮೊದಲು ಬಂದವರಿಗೆ 686. ಆದ್ದರಿಂದ ಹೋದ ವರ್ಷದ ಅಂಕದ ಕಟಾಫ್ ಇಟ್ಟುಕೊಂಡು ಅಳಬೇಡಿ, ಕುಣಿಯಲೂ ಬೇಡಿ. ರ‍್ಯಾಂಕ್ ಎಷ್ಟಕ್ಕೆ ನಿಂತಿತ್ತು ಅಂತ ನೋಡಿ. ನಾನು ಬಿಟ್ಟ ಆ 20 ಪ್ರಶ್ನೆಗೆ ಗುಂಡು ಹೊಡೆದಿದ್ದರೆ ಏನಾಗುತ್ತಿತ್ತೋ, ಯೋಚಿಸೋಕೂ ಭಯ.

ಆಮೇಲೆ ಕೌನ್ಸೆಲಿಂಗ್. ಎರಡು ದಾರಿ ಇದೆ. ಸರ್ಕಾರಿ ಡೆಂಟಲ್ ಕಾಲೇಜುಗಳ ನೂರಕ್ಕೆ 15 ಸೀಟು (ಇದೇ ಅಖಿಲ ಭಾರತ ಕೋಟಾ) ಮತ್ತು ಡೀಮ್ಡ್ ವಿಶ್ವವಿದ್ಯಾಲಯದ ಕಾಲೇಜುಗಳ ಸೀಟು ಕೇಂದ್ರದ ಕೌನ್ಸೆಲಿಂಗ್ ಸಮಿತಿ ಎಂಸಿಸಿ ಕಡೆಯಿಂದ. ನಮ್ಮ ರಾಜ್ಯದ ಸರ್ಕಾರಿ ಮತ್ತು ಖಾಸಗಿ ಕಾಲೇಜುಗಳ ಉಳಿದ ಸೀಟು ಕೆಇಎ ಕಡೆಯಿಂದ. 2025ರಲ್ಲಿ ಎಂಸಿಸಿಯಲ್ಲಿ ಅಖಿಲ ಭಾರತ ಕೋಟಾಕ್ಕೆ ಒಬಿಸಿಯವರಿಗೆ 500 ಶುಲ್ಕ, 5,000 ಠೇವಣಿ ಇತ್ತು. ಸಾಮಾನ್ಯ ವರ್ಗಕ್ಕೆ 1,000 ಮತ್ತು 10,000. ಡೀಮ್ಡ್‌ಗೆ ಠೇವಣಿಯೇ ಎರಡು ಲಕ್ಷ, ನಾವು ಆ ಕಡೆ ತಲೆ ಹಾಕಲಿಲ್ಲ. ಠೇವಣಿ ಯಾವ ಖಾತೆಯಿಂದ ಕಟ್ಟಿದಿರೋ ಅದಕ್ಕೇ ವಾಪಸ್ ಬರುತ್ತೆ, ಸೈಬರ್ ಸೆಂಟರಿನವರ ಕಾರ್ಡಿನಿಂದ ಕಟ್ಟಿಸಬೇಡಿ. ಎಂಸಿಸಿಯಲ್ಲಿ ನನಗೇನೂ ಸಿಗಲಿಲ್ಲ, ಸಿಗುತ್ತೆ ಅಂತಲೂ ಇರಲಿಲ್ಲ.

ಕೆಇಎಗೆ ಸಿಇಟಿ ಅರ್ಜಿ ಹಾಕುವಾಗಲೇ ವಿವರ ಎಲ್ಲ ತುಂಬಿದ್ದರಿಂದ, ನೀಟ್ ರೋಲ್ ನಂಬರ್ ಸೇರಿಸಿದರೆ ಸಾಕಿತ್ತು. ಇಂಜಿನಿಯರಿಂಗ್ ಬೇಡ ಅಂತ ಸಿಇಟಿ ಅರ್ಜಿಯನ್ನೇ ಹಾಕದವರು ಇರುತ್ತಾರೆ. ಹಾಕಿಬಿಡಿ, ಆಮೇಲೆ ಪರದಾಟ ತಪ್ಪುತ್ತೆ. ಬೇಕಾದ ಕಾಲೇಜುಗಳನ್ನು ಕ್ರಮವಾಗಿ ತುಂಬುವ ಆಪ್ಷನ್ ಎಂಟ್ರಿಗೆ ಒಂದು ವಾರ ತಲೆ ಕೆಡಿಸಿಕೊಂಡೆ. ಅಣ್ಣ "ಎಂಬಿಬಿಎಸ್ ಮೊದಲು ಹಾಕು, ಸುಮ್ನೆ ಇರಲಿ" ಅಂದ. ನಾನು ಹಾಕಲಿಲ್ಲ. ಒಂದೇ ಒಂದೂ ಹಾಕಲಿಲ್ಲ. ಅದು ಸಿಗುತ್ತಿರಲಿಲ್ಲ ಅನ್ನೋದು ನಿಜ, ಆದರೂ ಹಾಕದೇ ಇದ್ದದ್ದು ನನಗೆ ಮುಖ್ಯವಾಗಿತ್ತು. ಮೊದಲು ಬೆಂಗಳೂರಿನ ಸರ್ಕಾರಿ ಡೆಂಟಲ್ ಕಾಲೇಜು, ಆಮೇಲೆ ದಾವಣಗೆರೆ, ಧಾರವಾಡ, ಮೈಸೂರು, ಶಿವಮೊಗ್ಗ, ಸುಳ್ಯ ಹೀಗೆ. ಪಟ್ಟಿಯಲ್ಲಿ ಅದೇ ಕಾಲೇಜು ಬೇರೆ ಬೇರೆ ಶುಲ್ಕದ ಕೋಟಾದಲ್ಲಿ ಬೇರೆ ಬೇರೆ ಸಾಲಾಗಿ ಬರುತ್ತೆ. ಕಣ್ಣು ತಪ್ಪಿ ಖಾಸಗಿ ಕೋಟಾದ ಸಾಲು ಒತ್ತಿದರೆ ಶುಲ್ಕ ಹಲವು ಪಟ್ಟು, ಹಾಗಾಗಿ ಮನೆಯಲ್ಲಿ ಒಬ್ಬರು ಓದಿ ಹೇಳಿ, ಇನ್ನೊಬ್ಬರು ಒತ್ತಿ.

ಮೊದಲು ಅಣಕು ಹಂಚಿಕೆ ಮಾಡುತ್ತಾರೆ. ಅದರಲ್ಲಿ ಬಂದದ್ದು ಸಿಕ್ಕೇಬಿಟ್ಟಿತು ಅಂತಲ್ಲ. ಅಣಕಿನಲ್ಲಿ ನನಗೆ ಏನೂ ಇರಲಿಲ್ಲ. ಮೊದಲ ಸುತ್ತಿನಲ್ಲೂ ಇರಲಿಲ್ಲ. ಆಗಸ್ಟ್ ಪೂರ್ತಿ ಹೋಯಿತು. ಗೆಳತಿಯರೆಲ್ಲ ಕಾಲೇಜಿನ ಫೋಟೊ ಸ್ಟೇಟಸ್ ಹಾಕುತ್ತಿದ್ದರು, ನಾನು ಮನೆಯಲ್ಲಿ ಕಡಲೆಕಾಯಿ ಗಿಡದ ಕಳೆ ಕೀಳುತ್ತಿದ್ದೆ. ನಿಜ ಹೇಳಬೇಕಂದರೆ ಓದಿದ ಹತ್ತು ತಿಂಗಳಿಗಿಂತ ಈ ಐದು ವಾರ ಕಷ್ಟವಾಗಿತ್ತು. ಓದುವಾಗ ಮಾಡೋಕೆ ಕೆಲಸ ಇರುತ್ತೆ. ಇಲ್ಲಿ ದಿನಾ ಬೆಳಿಗ್ಗೆ ವೆಬ್‌ಸೈಟ್ ತೆರೆಯೋದು, ಮುಚ್ಚೋದು.

ಎರಡನೇ ಸುತ್ತಿನಲ್ಲಿ ಬಂತು. ಸೆಪ್ಟೆಂಬರ್, ಸಂಜೆ ಹೊತ್ತು, ಹಾಲು ಹಾಕಿ ಬಂದು ನೋಡಿದೆ. ದಾವಣಗೆರೆಯ ಒಂದು ಖಾಸಗಿ ಕಾಲೇಜಿನಲ್ಲಿ ಸರ್ಕಾರಿ ಕೋಟಾದ ಬಿಡಿಎಸ್ ಸೀಟು. ಪ್ರವರ್ಗದ ಜಾಗದಲ್ಲಿ 2ಎಕೆ ಅಂತ ಇತ್ತು. ಕೆ! ಮೊದಲ ವರ್ಷ ಮಾಡಿಸದೇ ಬಿಟ್ಟಿದ್ದ, ಬೀಗದ ಕೈ ರಜೆಯಲ್ಲಿದ್ದ ಆ ಕಾಗದ.

ಸೀಟು ಸಿಕ್ಕಾಗ ನಿಮ್ಮ ಆಯ್ಕೆ ಏನು ಅಂತ ಕೇಳುತ್ತಾರೆ. ಇದೇ ಸಾಕು ಅಂತ ಸೇರೋದಾ, ಇದನ್ನು ಇಟ್ಟುಕೊಂಡು ಮುಂದಿನ ಸುತ್ತಿಗೆ ಹೋಗೋದಾ, ಬೇಡ ಅನ್ನೋದಾ, ಪೂರ್ತಿ ಹೊರಗೆ ಹೋಗೋದಾ. ಯಾವ ಸುತ್ತಿನಲ್ಲಿ ಬಿಟ್ಟರೆ ಎಷ್ಟು ದಂಡ ಅನ್ನೋದನ್ನು ಆ ಸುತ್ತಿನ ಸೂಚನೆಯಲ್ಲೇ ಓದಿ, ಹೋದ ವರ್ಷದವರ ಮಾತು ಕೇಳಬೇಡಿ. ನಾನು ಇದೇ ಸಾಕು ಅಂದೆ.

ಹಣ ಕಟ್ಟುವಾಗ ಇನ್ನೊಂದು ಪಜೀತಿ. ಅಪ್ಪನ ದುಡ್ಡು ಸೊಸೈಟಿಯಲ್ಲಿತ್ತು. ಕಟ್ಟೋಕೆ ಇದ್ದದ್ದು ನಾಲ್ಕು ದಿನ. ಅದರಲ್ಲಿ ಒಂದು ಎರಡನೇ ಶನಿವಾರ, ಒಂದು ಭಾನುವಾರ. ಸೊಸೈಟಿಯಿಂದ ಬ್ಯಾಂಕಿಗೆ ಹಾಕಿದ್ದಾಯಿತು, ಫೋನಿನಲ್ಲಿ ಕಳಿಸಲು ಹೋದರೆ ದಿನದ ಮಿತಿ ಅಡ್ಡ ಬಂತು. ಕೊನೆಗೆ ಸೋದರಮಾವನ ಖಾತೆಯಿಂದ ಸೋಮವಾರ ಮಧ್ಯಾಹ್ನ ಕಟ್ಟಿದೆವು, ಮಾವ ಅಂಗಡಿ ಬಾಗಿಲು ಹಾಕಿಕೊಂಡು ಬಂದಿದ್ದರು. ಸೀಟು ಬರುವ ಮೊದಲೇ ದುಡ್ಡನ್ನು ಆನ್‌ಲೈನ್ ಇರುವ ಖಾತೆಗೆ ತಂದು, ಬ್ಯಾಂಕಿಗೆ ಹೋಗಿ ಮಿತಿ ಜಾಸ್ತಿ ಮಾಡಿಸಿ ಇಟ್ಟುಕೊಳ್ಳಿ. ಒರಿಜಿನಲ್‌ಗಳನ್ನು ಕಾಲೇಜಿಗೆ ಕೊಟ್ಟ ಮೇಲೆ ಬೇಗ ಕೈಗೆ ಸಿಗೋದಿಲ್ಲ, ಅದಕ್ಕೆ ಎಲ್ಲವನ್ನೂ ಸ್ಕ್ಯಾನ್ ಮಾಡಿ, ನಾಲ್ಕು ಸೆಟ್ ಜೆರಾಕ್ಸ್ ತೆಗೆಸಿ. ವಿದ್ಯಾರ್ಥಿವೇತನಕ್ಕೆ ಮತ್ತೆ ಅವೇ ಕೇಳುತ್ತಾರೆ. ಅಪ್ಪನಿಗೆ ಇದನ್ನಿನ್ನೂ ಹೇಳಿಲ್ಲ.

ಕ್ಲಾಸು ಶುರುವಾಗಿದೆ. ನಾಲ್ಕು ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಮೊದಲ ವರ್ಷವೇ ಮೇಣದ ಕಟ್ಟಿಯಲ್ಲಿ ಹಲ್ಲು ಕೆತ್ತಿಸುತ್ತಾರೆ. ನನ್ನ ಮೂರು ಕಟ್ಟಿ ಮುರಿದವು, ನಾಲ್ಕನೆಯದರಲ್ಲಿ ಮೇಲಿನ ಬಾಚಿ ಹಲ್ಲು ಒಂದು ಹೆಂಗೋ ಬಂತು. ಅದನ್ನು ಕರ್ಚೀಫಿನಲ್ಲಿ ಸುತ್ತಿಕೊಂಡು ಈ ಭಾನುವಾರ ಊರಿಗೆ ತಂದಿದ್ದೆ. ತಾತ ಅಂಗೈ ಮೇಲೆ ಇಟ್ಟುಕೊಂಡು, ತಿರುಗಿಸಿ ತಿರುಗಿಸಿ ನೋಡಿ, "ಯಾರದವ್ವ ಇದು, ಇಷ್ಟು ದೊಡ್ಡದು, ಎಮ್ಮೇದಾ?" ಅಂದರು.